ಬೆಳಕಿನ ದಾರಿಯಲ್ಲಿ ದಮಾಮಿ: ದ್ಯುತಿ ಸಂವಹನ ಮತ್ತು ಮಿತಶಕ್ತಿ ಮಂಡಲಗಳು

ಜಾನಪದ ಅಧ್ಯಯನದಲ್ಲಿ ದಾಖಲೀಕರಣಕ್ಕೆ ದೊರೆತಷ್ಟು ಗಮನ, ದಾಖಲಾದ ಸಾಮಗ್ರಿಯು ಅದನ್ನು ಹಾಡಿದ ಜನರಿಗೆ ಮರಳಿ ತಲುಪುವ ಬಗೆಗೆ ದೊರೆತಿಲ್ಲ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲ್ಲೂಕು ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ನೆಲೆಗಳಲ್ಲೊಂದು. ಇವರ ದಮಾಮಿ ವಾದ್ಯದ ಧ್ವನಿಮುದ್ರಿಕೆಯೊಂದು ದೂರದ ಗ್ರಂಥಾಲಯದಿಂದ ಸಾಂಬ್ರಾಣಿಯಂತಹ ಗ್ರಾಮಕ್ಕೆ ಹಿಂದಿರುಗಬೇಕಾದರೆ ಅದು ಬೆಳಕಾಗಿ ಪಯಣಿಸಬೇಕು. ಆ ಬೆಳಕನ್ನು ಅಲ್ಪ ವಿದ್ಯುತ್ತಿನಲ್ಲಿ ಓದುವ ಮಂಡಲವೂ ಬೇಕು.

ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ಒದಗಿಸುವ ಯೋಜನೆಗೆ ಕೇಂದ್ರ ಸರ್ಕಾರವು 2011ರಲ್ಲಿ ಅನುಮೋದನೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿತು. ಅದರಲ್ಲಿ ಬಳಕೆಗೆ ಬಂದ ಜಿ-ಪಾನ್ ವಿಧಾನದಲ್ಲಿ ಒಂದು ಎಳೆಯ ಬೆಳಕು ವಿಭಜಕದ ಮೂಲಕ ಹಲವು ತಾಣಗಳಿಗೆ ಹಂಚಿಕೆಯಾಗುತ್ತದೆ. ಕೆಳಮುಖ ವೇಗ ಸೆಕೆಂಡಿಗೆ ಸುಮಾರು 248.8 ಕೋಟಿ ಬಿಟ್. ತುದಿಯ ಗ್ರಾಹಕವು 2 ಮೈಕ್ರೋವಾಟ್‌ನಷ್ಟು ಕ್ಷೀಣ ಬೆಳಕನ್ನೂ ಗುರುತಿಸಬೇಕಾಗುತ್ತದೆ.

ಗ್ರಾಹಕದ ಕಾರ್ಯವು ಮೂರು ಹಂತಗಳದ್ದು. ಫೋಟೋಡಯೋಡ್ ಬೆಳಕನ್ನು ವಿದ್ಯುತ್ಪ್ರವಾಹವಾಗಿಸುತ್ತದೆ. ವರ್ಧಕವು ಆ ಪ್ರವಾಹವನ್ನು ಬಳಸಬಲ್ಲ ವೋಲ್ಟೇಜ್ ಆಗಿ ಪರಿವರ್ತಿಸುತ್ತದೆ. ಮೂರನೆಯ ಮಂಡಲವು ಸಂಕೇತದೊಳಗಿನ ತಾಳವನ್ನು ಹಿಡಿದು ಪ್ರತಿ ಬಿಟ್ಟನ್ನೂ ಸರಿಯಾದ ಕ್ಷಣದಲ್ಲಿ ಓದುತ್ತದೆ. ವರ್ಧಕದ ವಿದ್ಯುತ್ತನ್ನು ಮನಸ್ವೀ ಕಡಿತಗೊಳಿಸಿದರೆ ಗದ್ದಲ ಹೆಚ್ಚಿ ಕ್ಷೀಣ ಸಂಕೇತ ಮುಳುಗುತ್ತದೆ. ಆದ್ದರಿಂದ ಉಳಿತಾಯಕ್ಕೆ ಹೆಚ್ಚಿನ ಅವಕಾಶವಿರುವುದು ಮುಂದಿನ ಅಂಕೀಯ ಮಂಡಲಗಳಲ್ಲಿ. ಅಲ್ಲಿ ಸ್ವಿಚಿಂಗ್ ವ್ಯಯವು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೋಲ್ಟೇಜ್ ಅರ್ಧವಾದರೆ ವ್ಯಯ ಕಾಲು ಭಾಗಕ್ಕಿಳಿಯುತ್ತದೆ. ಆದರೆ ಟ್ರಾನ್ಸಿಸ್ಟರ್ ನಿಧಾನವಾಗುವುದರಿಂದ ಕೆಲಸವನ್ನು ಹಲವು ಸಮಾನಾಂತರ ಮಾರ್ಗಗಳಿಗೆ ಹಂಚಬೇಕಾಗುತ್ತದೆ.

ಇಲ್ಲೊಂದು ಮೂಲಭೂತ ಅಪವ್ಯಯವನ್ನು ಗಮನಿಸಬೇಕು. ಜಿ-ಪಾನ್‌ನಲ್ಲಿ ಎಲ್ಲರ ದತ್ತಾಂಶವೂ ಎಲ್ಲರಿಗೂ ತಲುಪುತ್ತದೆ. ಪ್ರತಿ ಸಾಧನವೂ ಪೂರ್ಣ ವೇಗದಲ್ಲಿ ಓದಿ ತನ್ನದಲ್ಲದ್ದನ್ನು ತ್ಯಜಿಸುತ್ತದೆ. ಸಿ.ಡಿ. ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ ಸುಮಾರು 14.1 ಲಕ್ಷ ಬಿಟ್ ಸಾಕು. ಅಂದರೆ ಹಾಡು ಹರಿಯುತ್ತಿರುವಾಗಲೂ 1,760ಕ್ಕೂ ಹೆಚ್ಚು ಬಿಟ್‌ಗಳಲ್ಲಿ ಒಂದು ಮಾತ್ರ ಹಾಡಿಗೆ ಸೇರಿದ್ದು. ತಾಲ್ಲೂಕಿನ ಟಪಾಲು ಚೀಲವನ್ನೆಲ್ಲ ಪ್ರತಿ ಊರಿನಲ್ಲೂ ಸುರಿದು, ತಮ್ಮ ಕಾಗದವನ್ನು ಆರಿಸಿಕೊಂಡಂತೆ ಇದು.

ಇದಕ್ಕೆ ಪರಿಹಾರಗಳೂ ರೂಪುಗೊಂಡಿವೆ. ದಟ್ಟಣೆ ಇಲ್ಲದಾಗ ಪ್ರೇಷಕವನ್ನು, ಇಲ್ಲವೇ ಪ್ರೇಷಕ-ಗ್ರಾಹಕಗಳೆರಡನ್ನೂ ವಿರಾಮಕ್ಕೆ ಕಳುಹಿಸುವ ಕ್ರಮ ಮೊದಲನೆಯದು. 2012ರಲ್ಲಿ ಗ್ರೀನ್‌ಟಚ್ ಒಕ್ಕೂಟವು ಪ್ರದರ್ಶಿಸಿದ ಬೈ-ಪಾನ್ ವಿಧಾನ ಎರಡನೆಯದು. ಇದರಲ್ಲಿ ಬಿಟ್‌ಗಳನ್ನು ಗೊತ್ತಾದ ಕ್ರಮದಲ್ಲಿ ಹೆಣೆಯಲಾಗುತ್ತದೆ. ಗ್ರಾಹಕವು ಆರಂಭದಲ್ಲೇ ತನ್ನ ಪಾಲನ್ನು ಬೇರ್ಪಡಿಸುವುದರಿಂದ ಉಳಿದ ಮಂಡಲಗಳು ನಿಧಾನ ಗತಿಯಲ್ಲಿ ನಡೆಯಬಲ್ಲವು. ಇಂತಹ ವಿನ್ಯಾಸಕ್ಕೆ ಅಗತ್ಯವಾದ ಪರಿಣತಿ ಕರ್ನಾಟಕಕ್ಕೆ ಹೊಸದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ತೆರೆಯಿತು. ದ್ಯುತಿ ಜಾಲೋಪಕರಣಗಳ ತೇಜಸ್ ನೆಟ್‌ವರ್ಕ್ಸ್ 2000ದಲ್ಲಿ ಅಲ್ಲಿಯೇ ಸ್ಥಾಪನೆಯಾಯಿತು.

ಮಳೆಗಾಲದಲ್ಲಿ ವಿದ್ಯುತ್ ಕಡಿತವಾದಾಗ ಕಾಡಂಚಿನ ಊರಿನ ಸಾಧನ ಬ್ಯಾಟರಿಯನ್ನೇ ನಂಬಬೇಕು. ಉದಾಹರಣೆಗೆ, 60 ವಾಟ್-ಗಂಟೆ ಸಾಮರ್ಥ್ಯದ ಬ್ಯಾಟರಿಯು 5 ವಾಟ್ ಬೇಡುವ ಸಾಧನವನ್ನು 12 ಗಂಟೆ ನಡೆಸಿದರೆ, 2 ವಾಟ್ ಬೇಡುವ ಸಾಧನವನ್ನು 30 ಗಂಟೆ ನಡೆಸುತ್ತದೆ. ಚಿಪ್ಪಿನೊಳಗಿನ ಮಿತವ್ಯಯವು ಕೇವಲ ತಾಂತ್ರಿಕ ಸಂಗತಿಯಲ್ಲ. ಸಮುದಾಯವೊಂದು ತನ್ನದೇ ದನಿಯನ್ನು ಎಷ್ಟು ಹೊತ್ತು ಕೇಳಬಲ್ಲದು ಎಂಬುದನ್ನೂ ಅದು ನಿರ್ಧರಿಸುತ್ತದೆ. ಜಾನಪದ ಸಂಗ್ರಹಾಲಯಗಳ ಯೋಜನೆಯು ದಾಖಲಿಸುವ ಯಂತ್ರದೊಂದಿಗೆ ತಲುಪಿಸುವ ಯಂತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.