ಮಾದರಿ ರೈಲುಹಳಿಯ ರಚನೆ: ಅಳತೆಯ ಸತ್ಯಾಸತ್ಯತೆ

ಗತಕಾಲದ ವಸ್ತುವೊಂದನ್ನು ಕಿರಿದುಗೊಳಿಸಿ ತೋರಿಸುವ ಮಾದರಿಯೂ ಒಂದು ಬಗೆಯ ಚರಿತ್ರೆಯ ನಿರೂಪಣೆಯೇ. ಆದುದರಿಂದ ಅದರ ಅಳತೆಗಳು ಎಷ್ಟರಮಟ್ಟಿಗೆ ನಂಬಲರ್ಹವೆಂಬುದು ವಿಚಾರಾರ್ಹವಾದ ವಿಷಯ. ಬ್ರಿಟನ್ನಿನ ಮಾದರಿ ರೈಲುಹಳಿ ಇದಕ್ಕೆ ತಕ್ಕ ನಿದರ್ಶನ.

ಅಲ್ಲಿ ಬಹುವಾಗಿ ಬಳಕೆಯಲ್ಲಿರುವ ‘ಓಓ’ ಮಾನದಲ್ಲಿ ಒಂದು ಅಡಿಯನ್ನು 4 ಮಿಲಿಮೀಟರಿಗೆ ಇಳಿಸಲಾಗುತ್ತದೆ, ಎಂದರೆ 1:76.2 ಪ್ರಮಾಣ. ನಿಜವಾದ ಹಳಿಗಳ ಅಂತರ 1435 ಮಿ.ಮೀ. ಆಗಿರುವುದರಿಂದ ಮಾದರಿಯಲ್ಲಿ ಅದು 18.83 ಮಿ.ಮೀ. ಆಗತಕ್ಕದ್ದು. ಆದರೆ ಇರುವುದು 16.5 ಮಿ.ಮೀ. ಮಾತ್ರ, ಇದು 1:87ರ ‘ಎಚ್ಓ’ ಮಾನಕ್ಕೆ ಸಲ್ಲುವ ಅಳತೆ. ಇದಕ್ಕೆ ಕಾರಣವುಂಟು. ಬ್ರಿಟಿಷ್ ಎಂಜಿನುಗಳ ಗಾತ್ರ ಯೂರೋಪು ಖಂಡದವುಗಳಿಗಿಂತ ಚಿಕ್ಕದು. ಅಂದಿನ ಮೋಟಾರು 1:87ರ ಒಡಲಿನಲ್ಲಿ ಹಿಡಿಸುತ್ತಿರಲಿಲ್ಲ. ತಯಾರಕರು ಒಡಲನ್ನು ಹಿಗ್ಗಿಸಿ, ಹಳಿಯನ್ನು ಇದ್ದಂತೆಯೇ ಉಳಿಸಿಕೊಂಡರು. ಫಲವಾಗಿ ಈ ಹಳಿಯು ವಾಸ್ತವ ಪ್ರಮಾಣದಲ್ಲಿ ಸುಮಾರು 7 ಅಂಗುಲ ಕಿರಿದಾಯಿತು. 1960ರ ದಶಕದಲ್ಲಿ ಕೆಲವು ಹವ್ಯಾಸಿಗಳು 18.83ರ ಅಳತೆಯನ್ನು ಎತ್ತಿಹಿಡಿದರು.

ಅಂತರವನ್ನು ತಿದ್ದಿದ ಮಾತ್ರಕ್ಕೆ ಕಾರ್ಯ ಮುಗಿಯದು. ಎರಡು ಹಳಿಗಳು ಕೂಡುವೆಡೆಯಲ್ಲಿ ಚಕ್ರದ ಒಳಅಂಚು ಸಾಗಲು ಸಂದು ಬೇಕು. ನಿಜವಾದ ಮಾರ್ಗದಲ್ಲಿ ಇದು ಸುಮಾರು 44 ಮಿ.ಮೀ.; ಮಾದರಿಯಲ್ಲಿ 0.6 ಮಿ.ಮೀ.ಗೂ ಕಡಮೆ. ಆಟಿಕೆಯ ದಪ್ಪ ಅಂಚು ಅದರಲ್ಲಿ ಸಾಗದು. ಸಂದನ್ನು ಅಗಲಿಸಿದರೆ ತೆಳುವಾದ ಚಕ್ರ ಅದರೊಳಕ್ಕೆ ಕುಸಿಯುತ್ತದೆ. ಆದುದರಿಂದ ಚಕ್ರ ಮತ್ತು ಹಳಿಗಳನ್ನು ಒಟ್ಟಾಗಿಯೇ ಯೋಜಿಸಬೇಕು.

ರಚನಾವಿಧಾನ ಹೀಗಿದೆ: ತಾಮ್ರದ ಹೊದಿಕೆಯುಳ್ಳ ಅಡ್ಡಪಟ್ಟಿಗಳನ್ನು ನಕ್ಷೆಯ ಮೇಲೆ ಜೋಡಿಸುವುದು, ಎರಡು ಹಳಿಗಳ ತುದಿಗಳನ್ನು ಅರದಿಂದ ಉಜ್ಜಿ, ಕೂಡುವೆಡೆಯ ಮೊನೆಯನ್ನು ಮೊದಲು ಬೆಸೆಯುವುದು, ಉಳಿದ ಹಳಿಗಳನ್ನು ಅಳತೆಗೋಲಿನ ನೆರವಿನಿಂದ ಅದಕ್ಕೆ ಹೊಂದಿಸಿ ಬೆಸೆಯುವುದು. ಹಳಿಗಳೆರಡರಲ್ಲಿಯೂ ವಿದ್ಯುತ್ತು ಹರಿಯುವುದರಿಂದ ಪ್ರತಿ ಪಟ್ಟಿಯ ತಾಮ್ರವನ್ನು ನಡುವೆ ಕೆರೆದು ಬೇರ್ಪಡಿಸತಕ್ಕದ್ದು.

ನಮ್ಮ ಬೆಂಗಳೂರು–ಮೈಸೂರು ಮಾರ್ಗ ಹಿಂದೆ ಮೀಟರ್ ಗೇಜಿನದಾಗಿತ್ತು. ಅದನ್ನು 1:87ರಲ್ಲಿ ರಚಿಸುವವರಿಗೆ 11.5 ಮಿ.ಮೀ. ಅಂತರ ಬೇಕು, ಸಿದ್ಧವಾಗಿ ದೊರೆಯುವ ಹಳಿ 12 ಮಿ.ಮೀ.ನದು. ಇಂತಹ ವ್ಯತ್ಯಾಸವನ್ನು ಒಪ್ಪಿಕೊಳ್ಳುವುದು ದೋಷವಲ್ಲ, ಮರೆಮಾಚುವುದು ದೋಷ. ಮೂಲದಿಂದ ಎಲ್ಲಿ, ಎಷ್ಟು, ಏತಕ್ಕೆ ಸರಿಯಲಾಗಿದೆಯೆಂಬುದನ್ನು ಬರೆದಿಟ್ಟ ಮಾದರಿಯೇ ಚರಿತ್ರೆಯ ವಿದ್ಯಾರ್ಥಿಗೆ ಆಧಾರವಾಗಬಲ್ಲದು.