ಗುರುಗ್ರಹದ ಚಂದ್ರರೂ ನೆರೆಮನೆಯ ಮಕ್ಕಳೂ

ದೂರದರ್ಶಕದ ಮುಂದೆ ಮಕ್ಕಳನ್ನು ನಿಲ್ಲಿಸುವವರು ಒಂದು ವಿಷಯವನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಕಾಣಲಿರುವುದನ್ನು ನಾವು ಹೇಳಿಬಿಡಬೇಕೇ, ಅಥವಾ ಕಂಡುದನ್ನು ಅವರಿಂದಲೇ ಕೇಳಬೇಕೇ? ಇದಕ್ಕೆ ಉತ್ತರವನ್ನು ನನಗೆ ಕಲಿಸಿದವಳು ನೆರೆಮನೆಯ ಹತ್ತು ವರ್ಷದ ಬಾಲಿಕೆ.

ನನ್ನಲ್ಲಿರುವುದು ಚಿಕ್ಕ ಉಪಕರಣ. ಅದರ ಮುಂಭಾಗದ ಮಸೂರದ ವ್ಯಾಸ 60 ಮಿಲಿಮೀಟರು, ಸಂಗಮದೂರ 700 ಮಿಲಿಮೀಟರು. ಕಣ್ಣಿಡುವ ಕಡೆಯ ಮಸೂರದ ಸಂಗಮದೂರ 20 ಮಿಲಿಮೀಟರು. 700ನ್ನು 20ರಿಂದ ಭಾಗಿಸಿದರೆ ದೊರೆಯುವ 35 ಎಂಬುದೇ ಉಪಕರಣದ ವರ್ಧನ. ಗುರುಗ್ರಹದ ನಾಲ್ಕು ದೊಡ್ಡ ಚಂದ್ರರಾದ ಅಯೋ, ಯೂರೋಪಾ, ಗ್ಯಾನಿಮೀಡ್ ಮತ್ತು ಕ್ಯಾಲಿಸ್ಟೋಗಳನ್ನು ನೋಡಲು ಇಷ್ಟು ಧಾರಾಳವಾಗಿ ಸಾಕು.

ಒಂದು ಸಂಜೆ ಏಳು ಮಂದಿ ಮಕ್ಕಳು ನಮ್ಮ ಮನೆಯ ತಾರಸಿಯಲ್ಲಿ ನೆರೆದಿದ್ದರು. “ಗುರುವಿನ ಪಕ್ಕದಲ್ಲಿ ನಾಲ್ಕು ಚುಕ್ಕೆಗಳಿವೆ, ಎಣಿಸಿರಿ” ಎಂದೆ. ಆರು ಮಂದಿ ಒಬ್ಬರಾದ ಮೇಲೊಬ್ಬರು ನೋಡಿ “ನಾಲ್ಕು” ಎಂದರು. ಕೊನೆಯವಳು ಬಹಳ ಹೊತ್ತು ನೋಡಿದಳು. ಭೂಮಿಯ ಆವರ್ತನೆಯಿಂದಾಗಿ ಗ್ರಹವು ಕೆಲವೇ ನಿಮಿಷಗಳಲ್ಲಿ ನೋಟದಿಂದ ಜಾರಿಹೋಗುವುದಷ್ಟೆ. ಆಕೆಗಾಗಿ ನಳಿಗೆಯನ್ನು ಎರಡು ಬಾರಿ ಸರಿಪಡಿಸಬೇಕಾಯಿತು. ಕಡೆಗೆ ಅಳುಕುತ್ತ, “ಮೇಷ್ಟ್ರೇ, ನನಗೆ ಮೂರೇ ಕಾಣುತ್ತವೆ” ಎಂದಳು. ಉಳಿದವರು ನಕ್ಕರು. ನಾನು ಕಣ್ಣಿಟ್ಟು ನೋಡಿದೆ. ಇದ್ದುದು ಮೂರೇ!

ನನಗೆ ನಾಚಿಕೆಯಾಯಿತು. ಆರು ಮಕ್ಕಳು ನನ್ನ ಮಾತನ್ನು ಎಣಿಸಿದ್ದರು. ಆಕೆಯೊಬ್ಬಳು ಚುಕ್ಕೆಗಳನ್ನು ಎಣಿಸಿದ್ದಳು. ಹಾಗೆಂದೇ ಎಲ್ಲರೆದುರಿಗೂ ಒಪ್ಪಿಕೊಂಡೆ.

ಖಗೋಳ ಕೋಷ್ಟಕವನ್ನು ತೆರೆದು ನೋಡಿದಾಗ ಕಾರಣ ತಿಳಿಯಿತು. ಅಯೋ ಸುಮಾರು 42½ ಗಂಟೆಗಳಿಗೊಮ್ಮೆ ಗುರುವನ್ನು ಸುತ್ತುತ್ತದೆ. ಅದರ ಪಥವನ್ನು ನಾವು ಹೆಚ್ಚುಕಡಮೆ ಅಂಚಿನ ಕಡೆಯಿಂದ ನೋಡುವುದರಿಂದ, ಪ್ರತಿಯೊಂದು ಸುತ್ತಿನಲ್ಲಿಯೂ ಅದು ಎರಡು ಗಂಟೆಗೂ ಮಿಕ್ಕಿ ಗ್ರಹದ ಹಿಂದೆ ಮರೆಯಾಗಿರುತ್ತದೆ. ನಾವು ನೋಡಿದ್ದು ಅಂತಹ ವೇಳೆಯಲ್ಲಿ.

ಮರುದಿನದಿಂದ ನಾನು ಸಂಖ್ಯೆಯನ್ನು ಹೇಳಲಿಲ್ಲ. ಕಾಗದವನ್ನೂ ಸೀಸದಕಡ್ಡಿಯನ್ನೂ ಕೊಟ್ಟು, ಕಂಡಷ್ಟನ್ನು ಬರೆಯಿರಿ ಎಂದೆ. ಒಂದು ವಾರದ ಚಿತ್ರಗಳನ್ನು ಸಾಲಾಗಿ ಹರಡಿದಾಗ, ಚುಕ್ಕೆಗಳು ದಿನದಿನಕ್ಕೂ ಎಡಬಲಕ್ಕೆ ಸ್ಥಾನ ಬದಲಿಸಿದ್ದವು. ಗುರುವನ್ನು ಬಿಟ್ಟು ಮಾತ್ರ ಹೋಗಿರಲಿಲ್ಲ. “ಇವು ಅದನ್ನೇ ಸುತ್ತುತ್ತಿವೆ!” ಎಂದು ಮಕ್ಕಳೇ ಕೂಗಿದರು.

1610ರ ಜನವರಿಯಲ್ಲಿ ಇಟಲಿಯ ಗೆಲಿಲಿಯೋ ನಡೆದುದೂ ಇದೇ ದಾರಿಯಲ್ಲಿ. 7ನೆಯ ತಾರೀಖು ಆತನಿಗೆ ಕಂಡುದು ಮೂರು ಚುಕ್ಕೆಗಳು, 10ರಂದು ಎರಡೇ; ನಾಲ್ಕು ಕಂಡುದು 13ರಂದು. ಆತ ಪ್ರತಿ ರಾತ್ರಿಯೂ ಕಂಡಷ್ಟನ್ನೇ ಬರೆದಿಟ್ಟನು. ಆಕಾಶದಲ್ಲಿ ಎಲ್ಲವೂ ಭೂಮಿಯನ್ನೇ ಸುತ್ತುತ್ತವೆಂಬ ಹಳೆಯ ನಂಬಿಕೆಗೆ ಆ ಬರಹದಿಂದ ಪೆಟ್ಟು ಬಿದ್ದಿತು.

ಈ ಪ್ರಯೋಗವನ್ನು ಕೈಕೊಳ್ಳುವ ವಾಚಕರಿಗೆ ಒಂದು ಎಚ್ಚರಿಕೆ: ದೂರದರ್ಶಕವನ್ನು ಎಂದಿಗೂ ಸೂರ್ಯನ ಕಡೆಗೆ ತಿರುಗಿಸಕೂಡದು, ಕ್ಷಣಮಾತ್ರದಲ್ಲಿ ದೃಷ್ಟಿ ನಾಶವಾದೀತು. ಇನ್ನೊಂದು ಮಾತು: ಮಕ್ಕಳು “ಮೂರೇ” ಎಂದರೆ ತಿದ್ದುವುದಕ್ಕೆ ಮುಂಚೆ, ಒಮ್ಮೆ ನೀವೂ ಕಣ್ಣಿಟ್ಟು ನೋಡಿರಿ.