ಒಂದು ನಟ್ಟಿಗೆ 56 ಚೀಲ ಭತ್ತ

ರಾಯಚೂರಿನಿಂದ ಹೊರಟು ದೇವಸೂಗೂರಿನ ಹತ್ತಿರ ಕೃಷ್ಣೆಯನ್ನು ದಾಟಿದರೆ ತೆಲಂಗಾಣ. ರಾಜ್ಯ ಬದಲಾಗಿದ್ದು ಬೋರ್ಡು ನೋಡಿದರಷ್ಟೇ ಗೊತ್ತಾಗುತ್ತದೆ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ, ಹೊಲದಲ್ಲಿ ಅದೇ ಭತ್ತ, ಅದೇ ಹತ್ತಿ, ಅದೇ ತೊಗರಿ. 167ನೇ ರಾಷ್ಟ್ರೀಯ ಹೆದ್ದಾರಿ ಮಕ್ತಲ್ ಊರನ್ನು ಹಾದು ಮಹಬೂಬನಗರದ ಕಡೆ ಸಾಗುತ್ತದೆ. ಎಡಕ್ಕೆ ಹೊರಳಿದರೆ 2019ರಲ್ಲಿ ಜಿಲ್ಲೆಯಾದ ನಾರಾಯಣಪೇಟೆ, ಬಲಕ್ಕೆ ನದಿಯಾಚೆ 2016ರಲ್ಲಿ ಜಿಲ್ಲೆಯಾದ ಗದ್ವಾಲ. ಸೀರೆ ಕೊಳ್ಳಲೆಂದೋ ಬೀಗರ ಮದುವೆಗೆಂದೋ ನಮ್ಮ ಕಡೆಯ ಕಾರುಗಳು ಈ ದಾರಿಯಲ್ಲಿ ಓಡಾಡುತ್ತಲೇ ಇರುತ್ತವೆ.

ಅಂಥದೊಂದು ಕಾರು ಮಕ್ತಲ್ ದಾಟಿದ ಮೇಲೆ ಪಂಚರ್ ಆಯಿತೆನ್ನಿ. ಸ್ಟೆಪ್ನಿ ಇದೆ, ಜ್ಯಾಕ್ ಇದೆ, ಪಾನಾ ಇದೆ. ಮೂರು ನಟ್ ಬಿಚ್ಚಿದವು. ನಾಲ್ಕನೆಯದು ಬಿಚ್ಚುವುದಿಲ್ಲ, ಏಕೆಂದರೆ ಅದು ಲಾಕ್ ನಟ್. ಅಲಾಯ್ ಚಕ್ರ ಕಳುವಾಗದಿರಲೆಂದು ಪ್ರತಿ ಚಕ್ರಕ್ಕೂ ಇಂಥದೊಂದನ್ನು ಹಾಕಿರುತ್ತಾರೆ. ಆರು ಮೂಲೆಯ ಬದಲು ಅದರ ತಲೆಯಲ್ಲಿ ಅಂಕುಡೊಂಕಾದ ತೋಡು ಇರುತ್ತದೆ. ಆ ತೋಡಿಗೆ ಕೂರುವ ಕಬ್ಬಿಣದ ಚಾವಿ ಹೆಬ್ಬೆಟ್ಟಿನಷ್ಟು ದೊಡ್ಡದು. ಪಂಚರ್ ಅಂಗಡಿಯವನು ಬಂದವನೇ ಕೇಳುವ ಮೊದಲ ಮಾತು, "ಅಣ್ಣಾ, ಚಾವಿ ಐತೇನ್ರಿ?" ಡಿಕ್ಕಿಯಲ್ಲಿ ಇಲ್ಲ, ಸೀಟಿನ ಕೆಳಗಿಲ್ಲ, ಗ್ಲೋವ್ ಬಾಕ್ಸಿನಲ್ಲೂ ಇಲ್ಲ. ಹಿಂದಿನ ಸಲ ಟೈರ್ ಬದಲಿಸಿದ ಕಡೆಯಲ್ಲೇ ಉಳಿದುಹೋಗಿದೆ.

ಇಷ್ಟೇ ಆಗಿದ್ದರೆ ಇದು ಬರೀ ಬೇಸರದ ಕತೆ. ಆ ನಟ್ಟಿನೊಳಗೆ ಏನು ನಡೆದಿದೆ ಎಂದು ಲೆಕ್ಕ ಹಾಕಿ ನೋಡಿದ ದಿನದಿಂದ ನನಗೆ ಅದು ಬೇರೆಯೇ ಆಗಿ ಕಾಣುತ್ತಿದೆ.

ನಮ್ಮ ಬಹಳಷ್ಟು ಕಾರುಗಳ ಚಕ್ರದ ಬೋಲ್ಟಿನ ದಪ್ಪ 12 ಮಿಲಿಮೀಟರ್, ಅಂದರೆ ಕಿರುಬೆರಳಿನಷ್ಟು. ನಟ್ಟನ್ನು ಬಿಗಿಯುವ ತಿರುಚುಬಲ ಸುಮಾರು 100 ನ್ಯೂಟನ್ ಮೀಟರ್. ಕಾರಿನ ಜೊತೆ ಬರುವ ಗೇಣುದ್ದದ ಪಾನಾದ ತುದಿಯಲ್ಲಿ 40 ಕೆ.ಜಿ. ತೂಕ ಹಾಕಿ ಒತ್ತಿದರೆ ಅಷ್ಟು ಬಲ ಬರುತ್ತದೆ. ಅದೇನು ಮಹಾ, ಕಾಲಿಟ್ಟು ಒತ್ತಿದರೆ ಆಯಿತು. ಆದರೆ ಆ ಒತ್ತುವಿಕೆ ಬೋಲ್ಟಿನ ಸುರುಳಿಯ ಮೂಲಕ ಹಾದು ಚಕ್ರವನ್ನು ಹಬ್ಬಿಗೆ ಅದುಮುವ ಹೊತ್ತಿಗೆ ಸುಮಾರು 4,250 ಕೆ.ಜಿ. ಆಗಿರುತ್ತದೆ. ನಾಲ್ಕು ಟನ್ನಿಗೂ ಮೇಲು, ಬೆಳೆದ ಆನೆಯೊಂದರ ತೂಕ. ರಾಯಚೂರು ಕಡೆಯ ಭತ್ತದ ಚೀಲ 75 ಕೆ.ಜಿ.ಯದು, ಆ ಲೆಕ್ಕದಲ್ಲಿ ಒಂದೊಂದು ನಟ್ಟೂ 56 ಚೀಲ ಭತ್ತ ಹೇರಿದಷ್ಟು ಭಾರದಿಂದ ಚಕ್ರವನ್ನು ಹಿಡಿದಿದೆ. ಸಣ್ಣ ಕಾರಿನ ನಾಲ್ಕು ಚಕ್ರಕ್ಕೆ 16 ನಟ್. ಒಟ್ಟು 68 ಟನ್, ಹತ್ತಿರ ಹತ್ತಿರ 900 ಚೀಲ. ಕಾರಿನ ತೂಕವಾದರೋ ಒಂದು ಟನ್ನಿನ ಆಸುಪಾಸು!

ಈ ಬಲ ಎಲ್ಲಿ ಕೂತಿರುತ್ತದೆ? ಬೋಲ್ಟು ಎಳೆದುಕೊಂಡಿರುವುದರಲ್ಲಿ. ನಟ್ ಬಿಗಿದಾಗ ಉಕ್ಕಿನ ಬೋಲ್ಟು ಗಟ್ಟಿಯಾದ ಸ್ಪ್ರಿಂಗಿನ ಹಾಗೆ ಉದ್ದವಾಗುತ್ತದೆ. ಎಷ್ಟು ಉದ್ದ? ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು, ಸರಿಸುಮಾರು ತಲೆಗೂದಲಿನ ದಪ್ಪ. 80 ನಂಬರಿನ ಹತ್ತಿನೂಲಿನ ಎಳೆಯೇ ಸುಮಾರು 0.1 ಮಿಲಿಮೀಟರ್ ದಪ್ಪ ಇರುತ್ತದೆ. ಬೋಲ್ಟು ಎಳೆದುಕೊಳ್ಳುವುದು ಅದರ ಅರ್ಧದಷ್ಟು. ಗದ್ವಾಲದ ನೇಕಾರರು ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಹಿಡಿತ ಸೀರೆಯನ್ನು ವರ್ಷಾನುಗಟ್ಟಲೆ ಕಾಯುತ್ತದೆ ಎಂಬುದು ಅವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇನ್ನೂ ಒಂದು ಅಚ್ಚರಿ ಇದೆ. ನಾವು ಹಾಕಿದ ಬಲದ 100 ಪಾಲಿನಲ್ಲಿ ಬೋಲ್ಟನ್ನು ಎಳೆಯುವುದು ಸುಮಾರು 10 ಪಾಲು ಮಾತ್ರ. 50 ಪಾಲು ನಟ್ಟು ಕೂರುವ ಜಾಗದ ಉಜ್ಜಾಟಕ್ಕೆ, 40 ಪಾಲು ಸುರುಳಿಯೊಳಗಿನ ಉಜ್ಜಾಟಕ್ಕೆ ಹೋಗುತ್ತದೆ. ಇದು ನಷ್ಟ ಅಂತ ಅನ್ನಿಸಬಹುದು. ಆದರೆ ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ತಡೆದಿರುವುದು ಆ ಉಜ್ಜಾಟವೇ. 14 ಇಂಚಿನ ರಿಮ್ಮಿನ ಸಣ್ಣ ಕಾರಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಕಡಿಮೆ ಉರುಳುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎಂಟಕ್ಕೂ ಹೆಚ್ಚು ಸುತ್ತು, 100 ಕಿ.ಮೀ. ದಾರಿಗೆ 51 ಸಾವಿರ, ಲಕ್ಷ ಕಿ.ಮೀ. ಓಡಿದ ಕಾರಿಗೆ 5 ಕೋಟಿಗೂ ಮೇಲು. ಅಷ್ಟೂ ಸಲ ಚಕ್ರದ ಮೇಲಿನ ಹೊರೆ ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ, ಹಿಡಿತ ಮಾತ್ರ ಸಡಿಲುವುದಿಲ್ಲ.

ಇಂಥ ಹಿಡಿತವನ್ನು ಚಾವಿ ಇಲ್ಲದೆ ಬಿಡಿಸುವುದು ಪಂಚರ್ ಅಂಗಡಿಯವನ ಪಾಲಿನ ಕೆಲಸ. ಮೊದಲ ದಾರಿ ಸುತ್ತಿಗೆಯದು. ನಟ್ಟಿನ ತಲೆಗಿಂತ ಕೂದಲೆಳೆಯಷ್ಟು ಚಿಕ್ಕದಾದ, ಹನ್ನೆರಡು ಮೂಲೆಯ ಸಾಕೆಟ್ಟನ್ನು ಅದರ ಮೇಲಿಟ್ಟು ಬಡಿಯುತ್ತಾರೆ. 2 ಕೆ.ಜಿ. ಸುತ್ತಿಗೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದು ಒಂದು ಮಿಲಿಮೀಟರಿನಲ್ಲಿ ನಿಂತಿತೆಂದರೆ ಆ ಕ್ಷಣದ ಒತ್ತಡ ಎರಡೂವರೆ ಟನ್ನು. ಸಾಕೆಟ್ ನಟ್ಟಿಗೆ ಕಚ್ಚಿಕೊಳ್ಳುತ್ತದೆ. ಆದರೆ ಅದೇ ಏಟು ಒಳಗಿನ ಬೇರಿಂಗಿಗೂ ತಾಗುತ್ತದೆ, ಹಾಗಾಗಿ ನಾಲ್ಕಾರು ಏಟಿಗೆ ಕೂರದಿದ್ದರೆ ನಿಲ್ಲಿಸುವುದೇ ಸರಿ. ಇದಕ್ಕೆಂದೇ ಎಡಸುರುಳಿ ಕೊರೆದ ಸಾಕೆಟ್ ಸಿಗುತ್ತದೆ. ಬಿಚ್ಚುವ ಕಡೆಗೆ ತಿರುಗಿಸಿದಷ್ಟೂ ಅದು ನಟ್ಟಿನೊಳಗೆ ಇನ್ನಷ್ಟು ಕಚ್ಚುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕೆಲವು ಲಾಕ್ ನಟ್ಟುಗಳ ಹೊರಗೆ ಸುಮ್ಮನೆ ಗರಗರ ತಿರುಗುವ ಬಳೆಯೊಂದು ಇರುತ್ತದೆ. ಸಾಕೆಟ್ ಹಿಡಿದರೂ ಬಳೆ ತಿರುಗುತ್ತದೆ, ನಟ್ಟು ಅಲ್ಲಾಡುವುದಿಲ್ಲ. ಆಗ ಉಳಿಯುವುದು ವೆಲ್ಡಿಂಗ್, ನಟ್ಟಿನ ತಲೆಗೆ ಇನ್ನೊಂದು ನಟ್ಟನ್ನು ಬೆಸೆದು ತಿರುಗಿಸುವುದು. ಉಕ್ಕು ಕರಗುವುದು ಸುಮಾರು 1,500 ಡಿಗ್ರಿಯಲ್ಲಿ, ಸುತ್ತಲಿನ ಅಲಾಯ್ ಚಕ್ರದ ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಎರಡರ ನಡುವೆ ಇರುವ ಜಾಗ ಕೆಲವೇ ಮಿಲಿಮೀಟರ್. ಆ ಕಿರಿದಾದ ಗುಳಿಯೊಳಗೆ ಚಕ್ರ ಕೆಡದಂತೆ ಕಿಡಿ ಹಚ್ಚುವ ಕೈ ನಿಜಕ್ಕೂ ದೊಡ್ಡ ಕೈ. ಡ್ರಿಲ್ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಲಾಕ್ ನಟ್ಟಿನ ಮೇಲ್ಮೈಯನ್ನು ಬೇಕೆಂದೇ ಗಡುಸು ಮಾಡಿರುತ್ತಾರೆ, ಸಾಮಾನ್ಯ ಬಿಟ್ಟು ಅದರ ಮೇಲೆ ಜಾರಿ ಮೊಂಡಾಗುತ್ತದೆ.

ಬೇಸಿಗೆಯಲ್ಲಿ ಒಂದು ಮಾತು ನೆನಪಿರಲಿ. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಓಡಿ ಬಂದ ಬಿಸಿ ಚಕ್ರ ನಟ್ಟನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದಿರುತ್ತದೆ. ಮರದ ನೆರಳಿನಲ್ಲಿ ಅರ್ಧ ಗಂಟೆ ಆರಲು ಬಿಟ್ಟರೆ ಅರ್ಧ ಕೆಲಸ ಆದಂತೆ.

ಇಷ್ಟೆಲ್ಲ ಹೋರಾಟ ಎಷ್ಟು ತಿರುಗಿಸುವುದಕ್ಕೆ? ನಟ್ಟು ಒಂದು ಪೂರ್ತಿ ಸುತ್ತಿಗೆ ಮುಂದೆ ಹೋಗುವುದು ಒಂದೂವರೆ ಮಿಲಿಮೀಟರ್. ಬೋಲ್ಟಿನ ಆ ಕೂದಲೆಳೆಯಷ್ಟು ಎಳೆತ ಇಳಿಯಲು 12 ಡಿಗ್ರಿ ತಿರುಗಿದರೆ ಸಾಕು. ಗಡಿಯಾರದ ನಿಮಿಷದ ಮುಳ್ಳು ಎರಡು ನಿಮಿಷದಲ್ಲಿ ಸರಿಯುವಷ್ಟು! ಅದುಮಿಕೊಂಡ ಚಕ್ರ, ಹಬ್ಬುಗಳ ಲೆಕ್ಕ ಸೇರಿಸಿದರೂ ಕಾಲು ಸುತ್ತಿನೊಳಗೆ 56 ಚೀಲವೂ ಇಳಿದುಹೋಗುತ್ತವೆ. ಆಮೇಲೆ ನಟ್ಟನ್ನು ಮಗು ಕೂಡ ಬೆರಳಿನಲ್ಲಿ ತಿರುಗಿಸಬಹುದು.

ಹೆದ್ದಾರಿಯ ಟೈರ್ ಅಂಗಡಿಗಳಲ್ಲಿ ಈಗ ನಿಮಿಷಕ್ಕೆ 2,000ಕ್ಕೂ ಹೆಚ್ಚು ಏಟು ಕೊಡುವ ಗನ್ ಬಂದಿದೆ. ಲಾರಿಯ ನಟ್ಟಿಗೆ ಅದು ಬೇಕೇ ಬೇಕು. ಅಲ್ಲಿನ ಬಿಗಿತವೇ 600 ನ್ಯೂಟನ್ ಮೀಟರಿನ ಮೇಲೆ. ಗನ್ನಿಲ್ಲದ ಕಡೆ 70 ಕೆ.ಜಿ.ಯ ಆಳು ಮೀಟರುದ್ದದ ಪೈಪಿನ ತುದಿಯಲ್ಲಿ ನಿಂತರಷ್ಟೇ ಅಷ್ಟು ಬಲ ಬರುತ್ತದೆ. ಆದರೆ ಕಾರಿನ ಲಾಕ್ ನಟ್ಟಿಗೆ ಆ ಗನ್ ಹಾಕಬೇಡಿ ಎಂದು ಕೇಳಿಕೊಳ್ಳಿ. ಚಾವಿಯ ತೆಳು ಏಣುಗಳು ಮುರಿದರೆ ಚಾವಿ ಇದ್ದೂ ಇಲ್ಲದಂತೆ. ಚಕ್ರ ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಎಲ್ಲ ನಟ್ಟುಗಳ ಬಿಗಿತವನ್ನು ಇನ್ನೊಮ್ಮೆ ನೋಡಿಸಿ.

ಓದಿ ಮುಗಿಸಿದವರು ದಯವಿಟ್ಟು ಇವತ್ತೇ ಡಿಕ್ಕಿ ತೆರೆದು ಚಾವಿ ಇದೆಯೇ ನೋಡಿ. ಇದ್ದರೆ ಅದರ ನಂಬರನ್ನು ಮನೆಯಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಹೊಸ ಚಾವಿ ತರಿಸಿಕೊಂಡೇ ಕೃಷ್ಣೆಯನ್ನು ದಾಟಿ.